11 ಗೆಲುವು, ಮೂರು ಬಗೆಯ ತೀರ್ಪು: ಜೆರೆಮಿ ಕಾರ್ಬಿನ್ ಚುನಾವಣಾ ದಾಖಲೆ ಹೇಳುವುದೇನು?

2024ರ ಜುಲೈ 4ರಂದು ಮತದಾನ ಮುಗಿದು ಎಣಿಕೆ ನಡೆದಾಗ ಉತ್ತರ ಲಂಡನ್ನಿನ ಅಕ್ಕಪಕ್ಕದ ಎರಡು ಕ್ಷೇತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಹೋಬರ್ನ್ ಅಂಡ್ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಮರುದಿನ ಪ್ರಧಾನಿಯಾದ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಶೇ 48.9 ಮತ ಪಡೆದು ಗೆದ್ದರು. ಪಕ್ಕದ ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಅದೇ ಪಕ್ಷ ಟಿಕೆಟ್ ನಿರಾಕರಿಸಿ ಹೊರಹಾಕಿದ್ದ ತನ್ನ ಮಾಜಿ ನಾಯಕ, 75 ವರ್ಷದ ಜೆರೆಮಿ ಕಾರ್ಬಿನ್ ಪಕ್ಷೇತರರಾಗಿ ನಿಂತು ಶೇ 49.2 ಮತ ಪಡೆದು ಗೆದ್ದರು. ಒಬ್ಬರ ಹಿಂದೆ ಇಡೀ ಪಕ್ಷವಿತ್ತು, ಇನ್ನೊಬ್ಬರ ಎದುರು ಅದೇ ಪಕ್ಷ ನಿಂತಿತ್ತು.

ಕಾರ್ಬಿನ್ ಅವರಿಗೆ ಅದು ಒಂದೇ ಕ್ಷೇತ್ರದಿಂದ ಸತತ 11ನೇ ಗೆಲುವು. 1983ರ ಜೂನ್ 9ರಂದು ಮೊದಲ ಸಲ ಗೆದ್ದವರು ಇಂದಿಗೂ ಅಲ್ಲಿನ ಸಂಸದ. ಆದರೆ ಇವರ ದಾಖಲೆಯಷ್ಟು ಎಳೆದಾಟಕ್ಕೆ ಸಿಕ್ಕ ದಾಖಲೆ ಬ್ರಿಟನ್ನಿನ ಇತ್ತೀಚಿನ ರಾಜಕಾರಣದಲ್ಲಿ ಕಡಿಮೆ. ಬೆಂಬಲಿಗರು ಅವರ ನಾಯಕತ್ವದಲ್ಲಿ ಲೇಬರ್ ಶೇ 40 ಮತ ಪಡೆದ 2017ರ ಅಂಕಿ ಹಿಡಿದು ಮಾತನಾಡುತ್ತಾರೆ, ವಿರೋಧಿಗಳು ಪಕ್ಷ ಹೀನಾಯವಾಗಿ ಸೋತ 2019ರದ್ದನ್ನು. ಇಬ್ಬರೂ ಸರಿಯಾದ ಅಂಕಿಯನ್ನೇ ಹೇಳುತ್ತಾರೆ. ತೊಡಕಿರುವುದು ಬೇರೆ ಕಡೆ: ಈ ದಾಖಲೆಯಲ್ಲಿ ಮೂರು ಬೇರೆ ಬೇರೆ ಮತದಾರ ಸಮೂಹಗಳ ತೀರ್ಪು ಬೆರೆತಿದೆ. ಒಂದು, ಇಸ್ಲಿಂಗ್ಟನ್ ನಾರ್ತ್‌ನ ಮತದಾರರದ್ದು. ಎರಡು, ಲೇಬರ್ ಪಕ್ಷದ ಸದಸ್ಯರದ್ದು. ಮೂರು, ಇಡೀ ದೇಶದ್ದು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ತಂದಾಗಲೆಲ್ಲ ವಾದ ದಾರಿ ತಪ್ಪುತ್ತದೆ.

ಕ್ಷೇತ್ರದ ಅಂಕಿಗಳು

1983ರ ಮೊದಲ ಗೆಲುವು ಸಾಮಾನ್ಯ ಸ್ಪರ್ಧೆಯದ್ದಾಗಿರಲಿಲ್ಲ. ಕ್ಷೇತ್ರ ಮರುವಿಂಗಡಣೆಯಲ್ಲಿ ಇಸ್ಲಿಂಗ್ಟನ್‌ನ ಮೂರು ಕ್ಷೇತ್ರಗಳು ಎರಡಕ್ಕೆ ಇಳಿದವು. ಲೇಬರ್‌ನಿಂದ ಒಡೆದು ಹುಟ್ಟಿದ ಎಸ್‌ಡಿಪಿಗೆ ಹೋಗಿದ್ದ ಇಬ್ಬರು ಹಾಲಿ ಸಂಸದರಿಗೆ ಉಳಿದದ್ದು ಒಂದೇ ಸ್ಥಾನ. ಎಸ್‌ಡಿಪಿ ಟಿಕೆಟ್ ಜಾನ್ ಗ್ರಾಂಟ್‌ಗೆ ಸಿಕ್ಕಿತು. 1969ರಿಂದ ಇಸ್ಲಿಂಗ್ಟನ್ ನಾರ್ತ್ ಸಂಸದರಾಗಿದ್ದ ಮೈಕೆಲ್ ಓ'ಹ್ಯಾಲೊರನ್ ಬಂಡಾಯವೆದ್ದು 'ಸ್ವತಂತ್ರ ಲೇಬರ್' ಹೆಸರಿನಲ್ಲಿ ನಿಂತರು. ಅವರಿಬ್ಬರ ಎದುರು, 1974ರಿಂದ ಹ್ಯಾರಿಂಗೇ ಕೌನ್ಸಿಲರ್ ಆಗಿದ್ದ 34ರ ಕಾರ್ಬಿನ್ ಲೇಬರ್‌ನ ಅಧಿಕೃತ ಅಭ್ಯರ್ಥಿ. ಅವರಿಗೆ 14,951 ಮತ ಬಂತು, ಅಂದರೆ ಶೇ 40.4. ಕನ್ಸರ್ವೇಟಿವ್ ಅಭ್ಯರ್ಥಿಗೆ 9,344, ಗ್ರಾಂಟ್‌ಗೆ 8,268, ಓ'ಹ್ಯಾಲೊರನ್‌ಗೆ 4,091. ಮತ ಒಡೆದದ್ದರಿಂದಲೇ ಕಾರ್ಬಿನ್ ಗೆದ್ದರು ಎನ್ನುವವರಿದ್ದಾರೆ. ಗ್ರಾಂಟ್ ಮತ್ತು ಓ'ಹ್ಯಾಲೊರನ್ ಮತ ಕೂಡಿಸಿದರೆ 12,359. ಆಗಲೂ ಕಾರ್ಬಿನ್ ಮುಂದೆಯೇ ಇರುತ್ತಾರೆ, ಆದರೆ ಗೆಲುವಿನ ಅಂತರ 5,607ರಿಂದ 2,592ಕ್ಕೆ ಇಳಿಯುತ್ತದೆ. ಪಕ್ಷ ಬಿಟ್ಟು ಹೋದ ಸಂಸದ ತನ್ನ ಮತದಾರರನ್ನು ಜತೆಗೆ ಕರೆದೊಯ್ಯುವುದು ಎಷ್ಟು ಕಷ್ಟ ಎಂಬುದನ್ನು ಇದೇ ಕ್ಷೇತ್ರ ಆಗ ತೋರಿಸಿತ್ತು. 41 ವರ್ಷಗಳ ನಂತರ ಅದೇ ಪರೀಕ್ಷೆ ಕಾರ್ಬಿನ್ ಅವರಿಗೇ ಎದುರಾಯಿತು.

ನಂತರ ಏರಿಕೆಯ ಕಾಲ. 1987ರಲ್ಲಿ ಶೇ 50, 1992ರಲ್ಲಿ ಶೇ 57.4, ಟೋನಿ ಬ್ಲೇರ್ ಅಲೆಯ 1997ರಲ್ಲಿ ಶೇ 69.3 ಮತ್ತು 19,955 ಮತಗಳ ಅಂತರ. ಆಮೇಲೆ ಇಳಿತ: 2001ರಲ್ಲಿ ಶೇ 61.9, 2005ರಲ್ಲಿ ಶೇ 51.2.

2005ನ್ನು ನಿಧಾನವಾಗಿ ನೋಡಬೇಕು. ಇರಾಕ್ ಯುದ್ಧದ ಸಿಟ್ಟು ಲೇಬರ್ ಮೇಲೆ ತಿರುಗಿದ್ದ ಚುನಾವಣೆ ಅದು. ಕಾರ್ಬಿನ್ ಆ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದವರು. 1997ರಿಂದ 2010ರ ನಡುವೆ ತಮ್ಮದೇ ಪಕ್ಷದ ವಿಪ್ ಉಲ್ಲಂಘಿಸಿ 428 ಬಾರಿ ಮತ ಹಾಕಿದವರು. ಹಾಗಾಗಿ ಅವರ ಕ್ಷೇತ್ರದಲ್ಲಾದರೂ ಪಕ್ಷಕ್ಕೆ ಪೆಟ್ಟು ಕಡಿಮೆ ಬೀಳಬೇಕಿತ್ತು. ಆದದ್ದು ಬೇರೆ. ದೇಶಾದ್ಯಂತ ಲೇಬರ್ ಮತಪ್ರಮಾಣ ಶೇ 40.7ರಿಂದ ಶೇ 35.2ಕ್ಕೆ, ಅಂದರೆ 5.5 ಅಂಶ ಕುಸಿದರೆ, ಇಲ್ಲಿ 10.7 ಅಂಶ ಕುಸಿಯಿತು. ಯುದ್ಧವನ್ನು ವಿರೋಧಿಸಿದ್ದ ಲಿಬರಲ್ ಡೆಮಾಕ್ರಟರು ಶೇ 29.9ಕ್ಕೆ ಏರಿದರು. ಇಸ್ಲಿಂಗ್ಟನ್ ಕೌನ್ಸಿಲ್ ಆಡಳಿತವೂ ಆಗ ಅವರ ಕೈಯಲ್ಲಿತ್ತು, ಬೀದಿಬೀದಿಯಲ್ಲಿ ಕಾರ್ಯಕರ್ತರಿದ್ದರು. ಮತದಾರ ಅಭ್ಯರ್ಥಿಯ ನಿಲುವಿಗಿಂತ ಪಕ್ಷದ ಚಿಹ್ನೆಯನ್ನೇ ಮೊದಲು ನೋಡಿದ ಎಂದೇ ಇದನ್ನು ಓದಬೇಕಾಗುತ್ತದೆ.

2010ರಲ್ಲಿ ಚಿತ್ರ ತಿರುಗಿತು. ದೇಶದಲ್ಲಿ ಲೇಬರ್ 6.2 ಅಂಶ ಕಳೆದುಕೊಂಡು ಅಧಿಕಾರ ಬಿಟ್ಟಿತು, ಇಲ್ಲಿ ಕಾರ್ಬಿನ್ 3.3 ಅಂಶ ಗಳಿಸಿದರು. ಅದೇ ದಿನ ಸ್ಥಳೀಯ ಚುನಾವಣೆಯೂ ಇದ್ದು ಇಸ್ಲಿಂಗ್ಟನ್ ಕೌನ್ಸಿಲ್ ಮತ್ತೆ ಲೇಬರ್ ಕೈಗೆ ಬಂತು. 2015ರಲ್ಲಿ ಶೇ 60.2. 2017ರಲ್ಲಿ 40,086 ಮತ, ಶೇ 73, ಅಂತರ 33,215. ಇದೇ ಅವರ ಶಿಖರ. 2019ರಲ್ಲಿ ಶೇ 64.3, ಅಂತರ 26,188.

ಇಂಥ ಅಂಕಿಗಳನ್ನು ಓದುವಾಗ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಗೆಲುವಿನ ಅಂತರವನ್ನು ಜನಪ್ರಿಯತೆಯ ಅಳತೆ ಎಂದುಕೊಳ್ಳುವುದು. 1997ರ ಶೇ 69.3 ಮತ್ತು 2017ರ ಶೇ 73ರ ನಡುವಿನ ವ್ಯತ್ಯಾಸ ನಾಲ್ಕು ಅಂಶಕ್ಕೂ ಕಡಿಮೆ. ಆದರೆ ಮತ 24,834ರಿಂದ 40,086ಕ್ಕೆ, ಅಂತರ ಸುಮಾರು 20 ಸಾವಿರದಿಂದ 33 ಸಾವಿರಕ್ಕೆ ಏರಿತು. ಹೆಚ್ಚಿದ್ದು ಮುಖ್ಯವಾಗಿ ಮತಗಟ್ಟೆಗೆ ಬಂದವರ ಸಂಖ್ಯೆ. 1997ರಲ್ಲಿ ಈ ಕ್ಷೇತ್ರದಲ್ಲಿ ಚಲಾವಣೆಯಾದ ಮತ ಸುಮಾರು 36 ಸಾವಿರ, 2017ರಲ್ಲಿ ಸುಮಾರು 55 ಸಾವಿರ. ಆದ್ದರಿಂದ ಬೇರೆ ಬೇರೆ ವರ್ಷ ಹೋಲಿಸುವಾಗ ಮೊದಲು ಮತಪ್ರಮಾಣ, ನಂತರ ಚಲಾವಣೆಯಾದ ಒಟ್ಟು ಮತ, ಕೊನೆಯಲ್ಲಿ ಅಂತರ ನೋಡುವುದು ಕ್ಷೇಮ.

ಎರಡನೆಯ ತಪ್ಪು ಇನ್ನೂ ದೊಡ್ಡದು: ಏರಿಕೆಯನ್ನೆಲ್ಲ ವ್ಯಕ್ತಿಯ ಖಾತೆಗೆ ಬರೆಯುವುದು. ಪಕ್ಕದ ಇಸ್ಲಿಂಗ್ಟನ್ ಸೌತ್ ಅಂಡ್ ಫಿನ್ಸ್‌ಬರಿ ಕ್ಷೇತ್ರ ಇಲ್ಲಿ ಅಳತೆಗೋಲಾಗಿ ಸಿಗುತ್ತದೆ. ಲೇಬರ್‌ನ ಎಮಿಲಿ ಥಾರ್ನ್‌ಬರಿ 2005ರಲ್ಲಿ ಅಲ್ಲಿ ಬರೀ 484 ಮತಗಳಿಂದ ಗೆದ್ದಿದ್ದರು, ಮತಪ್ರಮಾಣ ಸುಮಾರು ಶೇ 40. 2017ರ ಹೊತ್ತಿಗೆ ಅದು ಸುಮಾರು ಶೇ 63. ಅಂದರೆ 23 ಅಂಶಗಳಷ್ಟು ಏರಿಕೆ. ಅದೇ 12 ವರ್ಷಗಳಲ್ಲಿ ಕಾರ್ಬಿನ್ ಏರಿದ್ದು 21.8 ಅಂಶ. ಒಂದೇ ಊರಿನ ಎರಡು ಕ್ಷೇತ್ರಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೇಲೇರಿವೆ ಎಂದರೆ ಆ ಏರಿಕೆಯ ಬಹುಭಾಗ ಲಂಡನ್ ಬದಲಾದದ್ದರಿಂದ ಬಂದದ್ದು. ಕಾರ್ಬಿನ್ ಅವರ ಸ್ವಂತ ಮತ ಎಷ್ಟು ಎಂಬುದು ಹತ್ತು ಚುನಾವಣೆಗಳ ಅಂಕಿಯಿಂದಲೂ ಹೊರಡುವುದಿಲ್ಲ. ಹತ್ತರಲ್ಲೂ ಅವರ ಹೆಸರಿನ ಜತೆ 'ಲೇಬರ್' ಎಂಬ ಪದವಿತ್ತು.

ಪಕ್ಷದೊಳಗಿನ ಮತ

2015ರಲ್ಲಿ ಲೇಬರ್ ನಾಯಕತ್ವಕ್ಕೆ ನಿಲ್ಲಲು ಶೇ 15ರಷ್ಟು ಸಂಸದರ ಸೂಚನೆ ಬೇಕಿತ್ತು, ಅಂದರೆ 232 ಸಂಸದರಲ್ಲಿ 35. ಕೊನೆಯ ನಿಮಿಷಗಳಲ್ಲಿ ಕಾರ್ಬಿನ್‌ಗೆ 36 ದಕ್ಕಿತು. ಅವರನ್ನು ಬೆಂಬಲಿಸದ ಕೆಲವರು ಕೂಡ ಚರ್ಚೆ ವಿಶಾಲವಾಗಲಿ ಎಂದು ಸಹಿ ಹಾಕಿದ್ದರು. ಮತದಾನ ನಮ್ಮ ವಿಧಾನ ಪರಿಷತ್ ಚುನಾವಣೆಯಂತೆ ಪ್ರಾಶಸ್ತ್ಯದ ಕ್ರಮದಲ್ಲಿ. ಎರಡನೇ ಪ್ರಾಶಸ್ತ್ಯದ ಎಣಿಕೆಗೆ ಹೋಗುವ ಅಗತ್ಯವೇ ಬರಲಿಲ್ಲ: 2,51,417 ಮತ, ಶೇ 59.5. ಮೂರು ಪೌಂಡ್ ಕೊಟ್ಟು ನೋಂದಾಯಿಸಿಕೊಂಡ ಬೆಂಬಲಿಗರಿಂದ ಗೆದ್ದರು ಎಂಬ ಮಾತು ಆಗ ಬಹಳ ಓಡಾಡಿತು. ಆ ಗುಂಪಿನಲ್ಲಿ ಅವರಿಗೆ ಶೇ 83.8 ಬಂದದ್ದು ನಿಜ. ಆದರೆ ಪೂರ್ಣ ಸದಸ್ಯರ ನಡುವೆಯೂ ಮೊದಲ ಪ್ರಾಶಸ್ತ್ಯದಲ್ಲಿ ಶೇ 49.6 ಬಂದಿತ್ತು. ಹೊರಗಿನವರನ್ನು ಲೆಕ್ಕದಿಂದ ತೆಗೆದರೂ ಅವರೇ ಬಹಳ ಮುಂದಿದ್ದರು.

ಒಂದು ವರ್ಷದೊಳಗೆ ಸಂಸದರು 172–40ರಿಂದ ಅವಿಶ್ವಾಸ ಸೂಚಿಸಿದರು. ಸದಸ್ಯರು 2016ರ ಸೆಪ್ಟೆಂಬರ್‌ನಲ್ಲಿ 3,13,209 ಮತ, ಶೇ 61.8 ಕೊಟ್ಟು ಅವರನ್ನೇ ಮತ್ತೆ ಆರಿಸಿದರು. ಸಂಸದರೂ ಸದಸ್ಯರೂ ಎರಡು ದಿಕ್ಕಿಗೆ ನಿಂತ ಆ ಬಿರುಕು ಮುಂದಿನ ಎಲ್ಲದಕ್ಕೂ ಬೇರು.

ದೇಶದ ತೀರ್ಪು

ಇಲ್ಲಿ ಎರಡು ಚುನಾವಣೆಗಳು. 2017ರಲ್ಲಿ ಲೇಬರ್‌ಗೆ ಶೇ 40, ಸುಮಾರು 1 ಕೋಟಿ 28.8 ಲಕ್ಷ ಮತ, 262 ಸ್ಥಾನ. 2019ರಲ್ಲಿ ಶೇ 32.1, ಸುಮಾರು 1 ಕೋಟಿ 2.7 ಲಕ್ಷ ಮತ, 202 ಸ್ಥಾನ. ಸ್ಥಾನಗಳ ಲೆಕ್ಕದಲ್ಲಿ ಅದು 1935ರ ನಂತರದ ಅತಿ ಕಡಿಮೆ. ಡರ್ಬಿಶೈರ್‌ನ ಹಳೆಯ ಗಣಿ ಸೀಮೆಯಲ್ಲಿ 1970ರಿಂದ ಗೆಲ್ಲುತ್ತ ಬಂದಿದ್ದ ಡೆನಿಸ್ ಸ್ಕಿನ್ನರ್ ಅವರ ಬೋಲ್ಸೋವರ್ ಕೂಡ ಆ ವರ್ಷ ಕೈಬಿಟ್ಟಿತು. ಇದರ ಪಕ್ಕದಲ್ಲಿ 2024: ಸ್ಟಾರ್ಮರ್ ನಾಯಕತ್ವದಲ್ಲಿ ಶೇ 33.7, ಸುಮಾರು 97 ಲಕ್ಷ ಮತ, ಆದರೆ 411 ಸ್ಥಾನ.

'ಸೋತ ಕಾರ್ಬಿನ್‌ಗೆ ಗೆದ್ದ ಸ್ಟಾರ್ಮರ್‌ಗಿಂತ ಹೆಚ್ಚು ಮತ' ಎಂಬ ಮಾತು ಅಂಕಿಯಾಗಿ ನಿಜ, ವಾದವಾಗಿ ಅರ್ಧ. ಬ್ರಿಟನ್‌ನಲ್ಲೂ ನಮ್ಮಲ್ಲಿರುವಂತೆ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವನಿಗೆ ಸ್ಥಾನ. 650ರಲ್ಲಿ 326 ಬಂದರೆ ಬಹುಮತ. ಹಾಗಾಗಿ ಮತ ಎಷ್ಟು ಎನ್ನುವಷ್ಟೇ ಎಲ್ಲಿ ಬಿತ್ತು ಎನ್ನುವುದೂ ಮುಖ್ಯ. 2017ರಲ್ಲಿ ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಕಾರ್ಬಿನ್ 33,215 ಮತಗಳ ಅಂತರದಿಂದ ಗೆದ್ದಾಗ, ಅದೇ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಲೇಬರ್ ಗೆದ್ದದ್ದು 20 ಮತಗಳಿಂದ. ಎರಡರಿಂದಲೂ ಸಿಕ್ಕಿದ್ದು ಒಂದೊಂದು ಸ್ಥಾನ. ದೊಡ್ಡ ನಗರಗಳಲ್ಲಿ ಲೇಬರ್ ಮತ ಗುಡ್ಡೆಯಾಗಿ ಬಿತ್ತು, ಸಣ್ಣ ಪಟ್ಟಣಗಳಲ್ಲಿ ಬೇಕಾದಷ್ಟು ಬೀಳಲಿಲ್ಲ. ಜತೆಗೆ 2017 ನೇರ ಹಣಾಹಣಿ. ಎರಡು ದೊಡ್ಡ ಪಕ್ಷಗಳೇ ಸೇರಿ ಶೇ 82ಕ್ಕೂ ಹೆಚ್ಚು ಮತ ಬಾಚಿಕೊಂಡವು. ಶೇ 40 ಪಡೆದರೂ ಎದುರಾಳಿಗೆ ಶೇ 42ಕ್ಕಿಂತ ಹೆಚ್ಚು ಬಂದಿತ್ತು. 2024ರಲ್ಲಿ ಆ ಎರಡು ಪಕ್ಷಗಳ ಒಟ್ಟು ಪಾಲು ಶೇ 57ರಷ್ಟಕ್ಕೆ ಕುಸಿದು, ಬಲಪಂಥೀಯ ಪಕ್ಷ ರಿಫಾರ್ಮ್ ಯುಕೆ ಶೇ 14.3 ಪಡೆದು ಕನ್ಸರ್ವೇಟಿವ್ ಮತಬುಟ್ಟಿ ಒಡೆಯಿತು. ಹಾಗಾಗಿ ಮೂರನೇ ಒಂದು ಪಾಲು ಮತಕ್ಕೆ ಸುಮಾರು ಮೂರನೇ ಎರಡು ಪಾಲು ಸ್ಥಾನ ದಕ್ಕಿತು. ಮತದಾನವೂ 2019ರ ಶೇ 67.3ರಿಂದ ಶೇ 60ರ ಆಸುಪಾಸಿಗೆ ಇಳಿದಿತ್ತು.

ನನ್ನ ದೃಷ್ಟಿಯಲ್ಲಿ 2017 ಮತ್ತು 2019ನ್ನು ಬಿಡಿಸಿ ಓದುವುದು ಪ್ರಾಮಾಣಿಕ ಕೆಲಸವಲ್ಲ. ಒಂದೇ ನಾಯಕ, ಬಹುತೇಕ ಒಂದೇ ತಂಡ, ಎರಡೂವರೆ ವರ್ಷದ ಅಂತರ. ಮೊದಲನೆಯದು ಅವರಿಂದ ಬಂದದ್ದು, ಎರಡನೆಯದು ಬ್ರೆಕ್ಸಿಟ್‌ನಿಂದ ಆದದ್ದು ಎಂದು ಹಂಚುವುದಾದರೆ, ಬ್ರೆಕ್ಸಿಟ್ ವಿಷಯದಲ್ಲಿ ಪಕ್ಷ ಎರಡು ದೋಣಿಗೆ ಕಾಲಿಟ್ಟದ್ದರ ಹೊಣೆಯನ್ನೂ ನಾಯಕನಿಗೇ ಹಂಚಬೇಕು.

ಚಿಹ್ನೆ ಇಲ್ಲದ ಸ್ಪರ್ಧೆ

ಯೆಹೂದಿ ದ್ವೇಷದ ದೂರುಗಳನ್ನು ಪಕ್ಷ ನಿಭಾಯಿಸಿದ ರೀತಿಯ ಬಗ್ಗೆ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗದ ವರದಿ 2020ರ ಅಕ್ಟೋಬರ್ 29ರಂದು ಬಂತು. ಅದಕ್ಕೆ ಕಾರ್ಬಿನ್ ನೀಡಿದ ಪ್ರತಿಕ್ರಿಯೆಗಾಗಿ ಅದೇ ದಿನ ಅವರನ್ನು ಅಮಾನತು ಮಾಡಲಾಯಿತು. ನವೆಂಬರ್‌ನಲ್ಲಿ ಸದಸ್ಯತ್ವ ಮರಳಿತು, ಆದರೆ ಆ ಹೊತ್ತಿಗೆ ಪಕ್ಷದ ನಾಯಕರಾಗಿದ್ದ ಸ್ಟಾರ್ಮರ್, ಕಾರ್ಬಿನ್ ಅವರನ್ನು ಸಂಸದೀಯ ಪಕ್ಷಕ್ಕೆ ಸೇರಿಸಿಕೊಳ್ಳಲಿಲ್ಲ. 2023ರ ಮಾರ್ಚ್ 28ರಂದು ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿ 22–12 ಮತಗಳಿಂದ ಅವರಿಗೆ ಟಿಕೆಟ್ ಇಲ್ಲ ಎಂದು ನಿರ್ಧರಿಸಿತು. 2024ರ ಮೇ 24ರಂದು ಅವರು ಪಕ್ಷೇತರ ಸ್ಪರ್ಧೆ ಘೋಷಿಸಿದರು, ಅಲ್ಲಿಗೆ ಸದಸ್ಯತ್ವವೂ ಹೋಯಿತು.

ಪಕ್ಷೇತರರಾಗಿ ನಿಲ್ಲುವುದು ಕಾಗದದ ಮೇಲೆ ಸುಲಭ. ಕ್ಷೇತ್ರದ 10 ಮತದಾರರ ಸಹಿ, 500 ಪೌಂಡ್ ಠೇವಣಿ. ಶೇ 5ಕ್ಕಿಂತ ಹೆಚ್ಚು ಮತ ಬಂದರೆ ಠೇವಣಿ ವಾಪಸ್. ನಮ್ಮಲ್ಲಿ ಆರನೇ ಒಂದು ಪಾಲು ಬೇಕು. ನಾಮಪತ್ರದ ನಂತರದ ಖರ್ಚಿಗೂ ಮಿತಿ ಇದೆ. ಇಂಥ ನಗರ ಕ್ಷೇತ್ರದಲ್ಲಿ ಅದು ಸುಮಾರು 17 ಸಾವಿರ ಪೌಂಡ್, ಹಾಗಾಗಿ ಹಣಬಲ ಒಂದು ಹಂತದ ಮೇಲೆ ಕೆಲಸ ಮಾಡುವುದಿಲ್ಲ. ಪ್ರತಿ ಅಭ್ಯರ್ಥಿಗೂ ಎಲ್ಲ ಮತದಾರರಿಗೆ ಒಂದು ಪ್ರಚಾರಪತ್ರವನ್ನು ಅಂಚೆ ವೆಚ್ಚವಿಲ್ಲದೆ ಕಳಿಸುವ ಅವಕಾಶವೂ ಇದೆ.

ನಿಜವಾದ ಪೆಟ್ಟು ಬೇರೆಡೆ. ಮತಪತ್ರದಲ್ಲಿ ಹೆಸರಿನ ಮುಂದೆ 'ಪಕ್ಷೇತರ' ಎಂದಷ್ಟೇ ಬರೆಯಬಹುದು, ಚಿಹ್ನೆ ಇರುವುದಿಲ್ಲ. ಯಾವ ಮನೆಯಲ್ಲಿ ಯಾರು ಬೆಂಬಲಿಗರು, ಹಿಂದಿನ ಸಲ ಯಾರು ಮತ ಹಾಕಲು ಬಂದಿದ್ದರು ಎಂದು ದಶಕಗಳಿಂದ ಮನೆಮನೆ ತಿರುಗಿ ಕಲೆಹಾಕಿದ ಮಾಹಿತಿ ಪಕ್ಷದ ಸ್ವತ್ತು. ಹೊರಬಿದ್ದವನಿಗೆ ಅದು ಸಿಗದು. ಪಕ್ಷದ ಅಭ್ಯರ್ಥಿಯ ವಿರುದ್ಧ ಬಹಿರಂಗವಾಗಿ ಪ್ರಚಾರ ಮಾಡಿದ ಸದಸ್ಯರಿಗೆ ಉಚ್ಚಾಟನೆ ಖಚಿತ, ಆದ್ದರಿಂದ ಹಳೆಯ ಕಾರ್ಯಕರ್ತರು ಹಿಂಜರಿಯುತ್ತಾರೆ. ಅಭ್ಯಾಸಬಲದಿಂದ ಪಕ್ಷದ ಚಿಹ್ನೆ ಹುಡುಕಿ ಗುರುತು ಹಾಕುವ ಮತದಾರನಿಗೆ, ನಿಮ್ಮ ಸಂಸದ ಈ ಸಲ ಬೇರೆ ಸಾಲಿನಲ್ಲಿದ್ದಾರೆ ಎಂದು ಒಬ್ಬೊಬ್ಬರಿಗೇ ತಿಳಿಸಬೇಕು. 2019ರಲ್ಲಿ ತಮ್ಮ ಪಕ್ಷದ ಹೊರಗೆ ಸ್ವಂತ ಬಲದಲ್ಲಿ ನಿಂತ ಕನ್ಸರ್ವೇಟಿವ್‌ನ ಡೊಮಿನಿಕ್ ಗ್ರೀವ್, ಡೇವಿಡ್ ಗಾಕ್, 40 ವರ್ಷ ಬರ್ಕನ್‌ಹೆಡ್ ಪ್ರತಿನಿಧಿಸಿದ್ದ ಲೇಬರ್‌ನ ಫ್ರಾಂಕ್ ಫೀಲ್ಡ್ ಎಲ್ಲರೂ ಸೋತದ್ದು ಇಲ್ಲೇ.

ಕಾರ್ಬಿನ್ ಎದುರು ಲೇಬರ್ ನಿಲ್ಲಿಸಿದ್ದು ಇಸ್ಲಿಂಗ್ಟನ್ ಕೌನ್ಸಿಲರ್ ಪ್ರಫುಲ್ ನರಗುಂದ್ ಅವರನ್ನು. ಗದಗ ಜಿಲ್ಲೆಯ ನರಗುಂದವನ್ನು ಬಲ್ಲ ಕನ್ನಡದ ಕಿವಿಗೆ ಆ ಅಡ್ಡಹೆಸರು ಕೂಡಲೇ ತಾಗುತ್ತದೆ. ಚುನಾವಣೆಗೆ ಮೊದಲು ಕ್ಷೇತ್ರದಲ್ಲೇ ನಡೆದ ಒಂದು ಸಮೀಕ್ಷೆ ನರಗುಂದ್‌ಗೆ ಶೇ 43, ಕಾರ್ಬಿನ್‌ಗೆ ಶೇ 29 ಎಂದಿತ್ತು. ಎಣಿಕೆಯಾದಾಗ ಕಾರ್ಬಿನ್ 24,120, ನರಗುಂದ್ 16,873 (ಶೇ 34.4). ಅಂತರ 7,247. ಕೆಲವು ನೂರು ಜನರ ಮಾದರಿಯಲ್ಲಿ ಪಕ್ಷೇತರರನ್ನು ಅಳೆಯುವುದು ಕಷ್ಟ. ಇಡೀ ದೇಶದ ಸಮೀಕ್ಷೆಯಿಂದ ಕ್ಷೇತ್ರದ ಫಲಿತಾಂಶ ಅಂದಾಜಿಸುವ ಮಾದರಿಗಳಿಗಂತೂ ಅದು ಇನ್ನೂ ಕಷ್ಟ, ಏಕೆಂದರೆ ವಯಸ್ಸು, ಶಿಕ್ಷಣ, ಮನೆಯ ಒಡೆತನದಂಥ ಲಕ್ಷಣಗಳಲ್ಲಿ ಒಬ್ಬ ಸಂಸದ 40 ವರ್ಷ ಅಹವಾಲು ಕೇಳಿದ್ದು ದಾಖಲಾಗಿರುವುದಿಲ್ಲ.

ಕಾರ್ಬಿನ್ ಮತ್ತು ಲೇಬರ್ ಪಾಲು ಕೂಡಿಸಿದರೆ ಶೇ 83.6. 2019ರಲ್ಲಿ ಒಂದಾಗಿದ್ದಾಗ ಇದ್ದದ್ದು ಶೇ 64.3. ಅಂದರೆ ಇಬ್ಬರ ಜಿದ್ದಿನಲ್ಲಿ ಉಳಿದ ಪಕ್ಷಗಳ ಮತ ಹಿಂಡಿಹೋಯಿತು. ಹಿಂದಿನ ಸಲ ಶೇ 15.6 ಪಡೆದಿದ್ದ ಲಿಬರಲ್ ಡೆಮಾಕ್ರಟರು ಈ ಸಲ ಠೇವಣಿಯನ್ನೂ ಉಳಿಸಿಕೊಳ್ಳಲಿಲ್ಲ. ಆ ಮತ ಕಾರ್ಬಿನ್ ಅವರನ್ನು ಸೋಲಿಸಲು ನರಗುಂದ್ ಕಡೆ ಹೋಯಿತೆಂದು ಊಹಿಸಬಹುದು, ಆದರೆ ಗುಪ್ತ ಮತದಾನದ ಒಟ್ಟು ಅಂಕಿಯಿಂದ ಅದನ್ನು ಸಿದ್ಧಮಾಡಲಾಗದು.

ಬಂಡಾಯ ಇಲ್ಲಿ ಅಪಾಯವಿಲ್ಲದೆ ನಡೆದದ್ದಕ್ಕೆ ಕಾರಣ, ಕನ್ಸರ್ವೇಟಿವ್ ಪಕ್ಷ 2019ರಲ್ಲೇ ಶೇ 10ರ ಆಸುಪಾಸಿನಲ್ಲಿತ್ತು. ಎದುರು ಪಕ್ಷ ಬಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ದಿನದ ಚಿಂಗ್‌ಫರ್ಡ್ ಅಂಡ್ ವುಡ್‌ಫರ್ಡ್ ಗ್ರೀನ್ ನೋಡಿ. ಲೇಬರ್ ಟಿಕೆಟ್ ಕಿತ್ತುಕೊಂಡಿದ್ದ ಫೈಜಾ ಶಹೀನ್ ಪಕ್ಷೇತರರಾಗಿ 12,445 ಮತ ಪಡೆದರು, ಲೇಬರ್ ಅಭ್ಯರ್ಥಿ 12,524. ಇಬ್ಬರ ನಡುವೆ ಕನ್ಸರ್ವೇಟಿವ್‌ನ ಇಯಾನ್ ಡಂಕನ್ ಸ್ಮಿತ್ 17,281 ಮತ ಪಡೆದು ಗೆದ್ದುಹೋದರು.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲಿ ಸಂಸತ್ ಚುನಾವಣೆಯ ಮತದಾನದ ಹಕ್ಕಿದೆ. ಭಾರತದ ಪಾಸ್‌ಪೋರ್ಟ್ ಇದ್ದು ಕಾನೂನುಬದ್ಧವಾಗಿ ನೆಲೆಸಿದ್ದರೆ ಸಾಕು, ಅಲ್ಲಿನ ಪೌರತ್ವ ಬೇಕಿಲ್ಲ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಹೆಸರು ನೋಂದಾಯಿಸಬೇಕು. ಸಾರ್ವತ್ರಿಕ ಚುನಾವಣೆಯಲ್ಲಿ 2024ರಿಂದ ಕಡ್ಡಾಯವಾದ ಫೋಟೊ ಗುರುತಿಗೆ ಆ ಪಾಸ್‌ಪೋರ್ಟ್ ನಡೆಯುತ್ತದೆ. ಕೆಲವೇ ಮತಗಳೂ ಲೆಕ್ಕಕ್ಕೆ ಬರುತ್ತವೆ: ಲೆಸ್ಟರ್ ಸೌತ್ 979, ಬ್ಲ್ಯಾಕ್‌ಬರ್ನ್ 132 ಮತಗಳ ಅಂತರದಲ್ಲಿ ಪಕ್ಷೇತರರ ಕೈಸೇರಿದ ಚುನಾವಣೆ 2024ರದ್ದು.

ಈಗಿನ ಪ್ರಶ್ನೆ ಆ 24,120 ಮತ ಬೇರೆಡೆಗೆ ದಾಟುತ್ತದೆಯೇ ಎಂಬುದು. 2025ರ ಜುಲೈನಲ್ಲಿ ಕಾರ್ಬಿನ್ ಮತ್ತು ಲೇಬರ್ ಬಿಟ್ಟ ಸಂಸದೆ ಝಾರಾ ಸುಲ್ತಾನಾ ಹೊಸ ಪಕ್ಷ ಘೋಷಿಸಿದರು. ನವೆಂಬರ್ ಕೊನೆಯಲ್ಲಿ ಲಿವರ್‌ಪೂಲ್ ಸಮಾವೇಶ 'ಯುವರ್ ಪಾರ್ಟಿ' ಎಂಬ ಹೆಸರನ್ನು ಖಾಯಂ ಮಾಡಿತು. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್‌ವರೆಗೂ ಹೋಗಬಹುದು, ಆಗ ಅವರಿಗೆ 80. ಹಳೆಯ ಉದಾಹರಣೆಗಳು ಎಚ್ಚರ ಹೇಳುತ್ತವೆ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ ವಯಸ್ಸಾಯಿತೆಂದು ಲೇಬರ್ ಟಿಕೆಟ್ ತಪ್ಪಿಸಿದ ಎಸ್.ಓ. ಡೇವಿಸ್ 1970ರಲ್ಲಿ ಸ್ವತಂತ್ರರಾಗಿ ಗೆದ್ದರು. ಅವರು ತೀರಿಕೊಂಡ ಮೇಲೆ 1972ರ ಉಪಚುನಾವಣೆಯಲ್ಲಿ ಕ್ಷೇತ್ರ ಲೇಬರ್‌ಗೆ ಮರಳಿತು. ವೇಲ್ಸ್‌ನದೇ ಬ್ಲೈನೌ ಗ್ವೆಂಟ್‌ನಲ್ಲಿ 2005ರಲ್ಲಿ ಲೇಬರ್ ವಿರುದ್ಧ ಬಂಡಾಯವೆದ್ದ ಪೀಟರ್ ಲಾ 9,121 ಮತಗಳಿಂದ ಗೆದ್ದರು. ಅವರ ನಿಧನದ ನಂತರ 2006ರಲ್ಲಿ ಅವರ ಚುನಾವಣಾ ಏಜೆಂಟ್ ಡೈ ಡೇವಿಸ್ ಪಕ್ಷೇತರರಾಗಿಯೇ ಕ್ಷೇತ್ರ ಉಳಿಸಿಕೊಂಡರು, ಅಂತರ 2,488ಕ್ಕೆ ಇಳಿದಿತ್ತು. 2010ರಲ್ಲಿ ಲೇಬರ್ ಅದನ್ನು 10,516 ಮತಗಳಿಂದ ವಾಪಸ್ ಪಡೆಯಿತು.